ಅದೇ ನೆಲ್ಲಿ ಮರಕ್ಕೆ ಮತ್ತೆ ಮತ್ತೆ

ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ ಹುಟ್ಟಿದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲೇ ಕೂತಿದ್ದಾಗ, ಬಿಳಿಗಿರಿರಂಗನ ಬೆಟ್ಟದಲ್ಲಿ ಮರ ಎಣಿಸೋಕೆ ಹುಡುಗರು ಬೇಕಂತೆ ಎಂದು ಪರಿಚಯದವರೊಬ್ಬರು ಹೇಳಿದರು. ಒಂದು ಬೇಸಿಗೆ ಮಟ್ಟಿಗೆ ಎಂದುಕೊಂಡು ಯಳಂದೂರಿನಲ್ಲಿ ಬಸ್ಸು ಹತ್ತಿದೆ. ಇಪ್ಪತ್ತೈದು ವರ್ಷ ದಾಟಿತು, ಇನ್ನೂ ಎಣಿಸುತ್ತಲೇ ಇದ್ದೇನೆ. ಪ್ರತಿ ವರ್ಷ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಬಾಯಲ್ಲಿ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪುಸ್ತಕದಲ್ಲಿ ಸಿಗುವ ವಿಧಾನಗಳನ್ನು ಬಿಟ್ಟಿದ್ದೇನೆ. ಈ ಕಾಡು ನನ್ನ ಕೈಲಿ ತಪ್ಪು ಮಾಡಿಸಿ ಕಲಿಸಿದ್ದನ್ನಷ್ಟೇ ಹೇಳುತ್ತೇನೆ.

1. ಎಣಿಸುವ ಮೊದಲು ಒಂದು ವರ್ಷ ನಡೆಯಿರಿ.

ಬಸ್ಸು ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದ ಕೂಡಲೇ ಕಾಣುವುದು ಮುಳ್ಳು, ಕಲ್ಲು, ಕುರುಚಲು. ಒಂದಷ್ಟು ತಿರುವು ಹತ್ತಿದರೆ ದಿಂಡಿಗ, ಮತ್ತಿ, ಹೊನ್ನೆ, ನೆಲ್ಲಿ ಬೆಳೆದ ಎಲೆಯುದುರುವ ಕಾಡು. ಇನ್ನೂ ಮೇಲೆ, ಹೊನ್ನಮೆಟ್ಟಿಯ ಕಡೆ ಹೋದರೆ ಮಂಜಿನಲ್ಲಿ ಮುಳುಗಿದ ನಿತ್ಯಹಸಿರು ಕಾಡು. ಅದರ ಪಕ್ಕದಲ್ಲೇ ಹುಲ್ಲಿನ ಬೋಳುಗುಡ್ಡ, ಗುಡ್ಡದ ಮಡಿಲಲ್ಲಿ ಶೋಲಾ ಕಾಡು. ಸಮುದ್ರ ಮಟ್ಟದಿಂದ ಸುಮಾರು 600 ಮೀಟರಿನಲ್ಲಿ ಶುರುವಾಗುವ ಬೆಟ್ಟ 1800 ಮೀಟರ್ ಮುಟ್ಟುತ್ತದೆ. ತಪ್ಪಲಿನಲ್ಲಿ ಜೋಳ ಒಣಗುವ ವರ್ಷದಲ್ಲೂ ನೆತ್ತಿಯ ಮರಗಳ ಕಾಂಡದಲ್ಲಿ ಪಾಚಿ ಹಸಿಯಾಗಿಯೇ ಇರುತ್ತದೆ. ಮಳೆಕಾಡು ಎಂದು ನಾವು ಕರೆಯುವುದು ಇಲ್ಲಿ ಎತ್ತರಕ್ಕೆ ಅಂಟಿಕೊಂಡ ಒಂದು ಪಟ್ಟಿ ಮಾತ್ರ. ಅದನ್ನೊಂದನ್ನೇ ಅಳೆದು ಬಿಳಿಗಿರಿಯನ್ನು ಅಳೆದೆ ಎಂದುಕೊಳ್ಳುವುದು ತಲೆ ನೋಡಿ ಮೈತೂಕ ಹೇಳಿದ ಹಾಗೆ.

1974ರಲ್ಲಿ ವನ್ಯಜೀವಿಧಾಮವಾಗಿ, 1987ರಲ್ಲಿ ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಕಾಡು ಇದು. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಸೇತುವೆಯಂತೆ ಮಲಗಿದೆ. ಆ ಕಡೆಯ ಗಿಡವೂ ಈ ಕಡೆಯ ಗಿಡವೂ ಇಲ್ಲಿ ಒಂದೇ ಹಳ್ಳದ ಎರಡು ದಡದಲ್ಲಿ ಸಿಗಬಹುದು. ಹಾಗಾಗಿ ಮೊದಲ ವರ್ಷ ಟೇಪು ಚೀಲದಲ್ಲೇ ಇರಲಿ. ಒಂದೇ ದಾರಿಯನ್ನು ಬೇಸಿಗೆಯಲ್ಲೊಮ್ಮೆ, ಮಳೆಯಲ್ಲೊಮ್ಮೆ, ಮಂಜಿನಲ್ಲೊಮ್ಮೆ ನಡೆದು ಬನ್ನಿ. ಯಾವ ಪ್ರಶ್ನೆ ಕೇಳಲು ಬಂದಿದ್ದಿರೋ ಅದೇ ಬದಲಾಗುತ್ತದೆ. ನನ್ನದು ಎರಡು ಸಲ ಬದಲಾಯಿತು.

2. ಗಿಡದ ಹೆಸರನ್ನು ಗೊತ್ತಿದ್ದವರ ಬಾಯಲ್ಲಿ ಕೇಳಿ, ಕೇಳಿದ ಮೇಲೆ ಮರು ಮಾತಾಡಬೇಡಿ.

ಮೊದಲ ಹಂಗಾಮಿನಲ್ಲಿ ನಾನು ಮಾಡಿದ ತಪ್ಪನ್ನು ಇವತ್ತಿಗೂ ಮರೆತಿಲ್ಲ. ತಪ್ಪಲಿನ ಒಣ ಕಾಡಿನಲ್ಲೂ ಮೇಲಿನ ಕಾಡಿನಲ್ಲೂ ನೆಲ್ಲಿ ಮರಗಳನ್ನು ಗುರುತಿಸಿ, ಸುತ್ತಳತೆ ತೆಗೆದು, ಕೊಂಬೆ ಕೊಂಬೆಯ ಕಾಯಿ ಎಣಿಸಿ ಎಂಟು ತಿಂಗಳು ಬರೆದೆ. ಎಲ್ಲ ಹಾಳೆಯಲ್ಲೂ ಒಂದೇ ಹೆಸರು: ನೆಲ್ಲಿ. ಜೊತೆಗೆ ಬರುತ್ತಿದ್ದ, ಈ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರ ತಾತ ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ, ನಾನು ಕೂಗಿ ಕೂಗಿ ಬರೆಸುತ್ತಿದ್ದುದನ್ನು ಕೇಳಿಸಿಕೊಂಡು, "ಎಲ್ಲಾನೂ ಒಂದೇ ಹೆಸರಲ್ಲಿ ಬರೀತಿದ್ದೀಯಲ್ಲಪ್ಪ, ಇವೆರಡೂ ಒಂದೇ ಅಂತ ನಿಂಗ್ಯಾರು ಹೇಳುದ್ರು?" ಎಂದರು. ಎರಡು ಕೊಂಬೆ ಮುರಿದು ತಂದು ಅಂಗೈ ಮೇಲೆ ಇಟ್ಟರು. ಒಂದರ ಕಾಯಿ ದಪ್ಪ, ಅದು ಕೆಳಗಿನ ಕುರುಚಲು ಕಾಡಿನದು. ಇನ್ನೊಂದು ಮೇಲಿನದು, ಅಂಗಡಿಯಲ್ಲಿ ಸಿಗುವ ಬೆಟ್ಟದ ನೆಲ್ಲಿ. ಸಸ್ಯಶಾಸ್ತ್ರದಲ್ಲಿ ಮೇಲಿನದು ಫಿಲ್ಲಾಂಥಸ್ ಎಂಬ್ಲಿಕ, ಕೆಳಗಿನದು ಫಿಲ್ಲಾಂಥಸ್ ಇಂಡೋಫಿಶೆರಿ. ವ್ಯಾಪಾರಿಯ ಮೂಟೆಯಲ್ಲಿ ಎರಡೂ ಬೆರೆಯುತ್ತವೆ, ಆದರೆ ಸೋಲಿಗರು ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದಾರೆ. ನಾನು ಹೆಸರು ಕೇಳಿರಲಿಲ್ಲ. ನೆಲ್ಲಿ ಯಾರಿಗೆ ಗೊತ್ತಿಲ್ಲ ಎಂದು ನಂಬಿ ಕೂತಿದ್ದೆ. ಆ ಎಂಟು ತಿಂಗಳ ಹಾಳೆಗಳನ್ನು ಹಿಡಿದು ಪ್ರತಿ ಮರಕ್ಕೂ ತಿರುಗಿ ಹೋಗಬೇಕಾಯಿತು. ತಾತ ಒಂದು ದಿನವೂ ಬೇಸರ ಮಾಡಿಕೊಳ್ಳದೆ ಜೊತೆಗೆ ಬಂದರು.

ಜೇನಿನ ಮಾತೂ ಅಷ್ಟೇ. ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿಜೇನು ಎಂದು ಸೋಲಿಗರು ಬೇರೆ ಬೇರೆ ಮಾಡಿ ಹೇಳುವುದು ನಾಲ್ಕು ಪ್ರಭೇದಗಳಿಗೆ ಸರಿಯಾಗಿ ಹೊಂದುತ್ತದೆ. ಯಾವ ಜೇನು ಯಾವ ಹೂವಿಗೆ ಬರುತ್ತದೆ, ಯಾವ ತಿಂಗಳು ಗೂಡು ಬಿಟ್ಟು ಹೋಗುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತಾರೆ. ಔಂಗ್ ಸಿ ಎಂಬ ಭಾಷಾಶಾಸ್ತ್ರಜ್ಞರು ಸೋಲಿಗರ ಮಾತಿನಲ್ಲಿರುವ ಈ ಪರಿಸರ ಜ್ಞಾನವನ್ನೇ ವಿಷಯವಾಗಿಟ್ಟುಕೊಂಡು ಒಂದು ಇಡೀ ಪುಸ್ತಕ ಬರೆದಿದ್ದಾರೆ. ಭೀಮರಾಜ ಹಕ್ಕಿ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವ ಬಗ್ಗೆ ಇದೇ ಬೆಟ್ಟದಲ್ಲಿ ಅಧ್ಯಯನ ಮಾಡಿದ ಸಮೀರಾ ಅಗ್ನಿಹೋತ್ರಿ, ಔಂಗ್ ಸಿ ಅವರ ಜೊತೆಗೂಡಿ ಸೋಲಿಗರ ಹಕ್ಕಿ ಹೆಸರುಗಳನ್ನು ದಾಖಲಿಸಿದರು.

ವಿಜ್ಞಾನ ಈ ಋಣವನ್ನು ಅಲ್ಲಲ್ಲಿ ಒಪ್ಪಿಕೊಂಡಿದೆ. 2000ದಲ್ಲಿ ಇಲ್ಲಿಂದ ವಿವರಿಸಿದ ಒಂದು ಪುಟ್ಟ ಕಪ್ಪೆಗೆ ಮೈಕ್ರೊಹೈಲ ಶೋಲಿಗರಿ ಎಂದು ಹೆಸರಿಟ್ಟರು. ಹೊನ್ನಮೆಟ್ಟಿಯ ಹೆಸರಿನಲ್ಲೂ ಒಂದು ಪೊದೆಗಪ್ಪೆ ಇದೆ. ಈಚೆಗೆ ಏಟ್ರೀ ಸಂಸ್ಥೆಯ ಕೀಟಶಾಸ್ತ್ರಜ್ಞರು ಇಲ್ಲಿ ಸಿಕ್ಕ ಕಣಜವೊಂದಕ್ಕೆ ಹೊಸ ಕುಲವನ್ನೇ ಮಾಡಿ 'ಸೋಲಿಗ' ಎಂದು ಕರೆದರು. ಹುಲಿಯ ಫೋಟೊ ಹುಡುಕಿಕೊಂಡು ಬರುವವರು ಬೆರಳುಗುರಿನಷ್ಟಿರುವ ಈ ಕಪ್ಪೆಗಳನ್ನು ತುಳಿಯದೆ ನಡೆದರೆ ಅದೇ ದೊಡ್ಡ ಉಪಕಾರ.

3. ಮೊದಲು ಕಣ್ಣಿಗೆ ಬಿದ್ದ ಕಾರಣಕ್ಕೆ ಕಟ್ಟುಬೀಳಬೇಡಿ.

ನನಗೆ ಅತಿ ಮುಖ್ಯ ಎನಿಸುವ ಪಾಠ ಇದು, ಕಲಿಯಲು ಹದಿನೈದು ವರ್ಷ ಹಿಡಿಯಿತು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೋಲಿಗರು ನೆಲ್ಲಿಕಾಯಿ, ಜೇನು, ಪಾಚಿ, ಸೀಗೆ, ಅಂಟುವಾಳ, ಮಾಗಳಿ ಬೇರು ತಂದು ಲ್ಯಾಂಪ್ಸ್ ಎಂಬ ಬುಡಕಟ್ಟು ಸಹಕಾರ ಸೊಸೈಟಿಗೆ ಹಾಕುತ್ತಿದ್ದರು. ಬೇಸಾಯಕ್ಕೆ ನೆಲವಿಲ್ಲದ, ಇದ್ದರೂ ಎಕರೆ ಎರಡೆಕರೆ ಇದ್ದ ಪೋಡುಗಳಿಗೆ, ಎಂದರೆ ಸೋಲಿಗರ ಹಾಡಿಗಳಿಗೆ, ಕೈಗೆ ಕಾಸು ಬರುತ್ತಿದ್ದುದೇ ಅದರಿಂದ. ತೊಂಬತ್ತರ ದಶಕದಲ್ಲಿ ವಿಜ್ಞಾನಿಗಳು ಇಲ್ಲಿ ಕೆಲಸ ಶುರು ಮಾಡಿದರು. ಕಮಲ್‌ಜಿತ್ ಬಾವಾ, ಆರ್. ಉಮಾಶಂಕರ್, ಕನ್ನಡ ಓದುಗರಿಗೆ ಕಾದಂಬರಿಕಾರರಾಗಿ ಗೊತ್ತಿರುವ ಕೆ.ಎನ್. ಗಣೇಶಯ್ಯ, ಕೆ.ಎಸ್. ಮುರಳಿ ಮೊದಲಾದವರು ಅವರಲ್ಲಿ ಸೇರಿದ್ದರು. ಅಲ್ಲಿವರೆಗೆ ಇಂಥ ಕಿರು ಉತ್ಪನ್ನಗಳ ಕೊಯ್ಲಿನ ಪರಿಣಾಮವನ್ನು ನಮ್ಮ ದೇಶದಲ್ಲಿ ಇಷ್ಟು ಸೂಕ್ಷ್ಮವಾಗಿ ಅಳೆದವರು ಕಡಿಮೆ. ಕೊಯ್ಲು ಹೆಚ್ಚಿರುವ ಕಡೆ ನೆಲ್ಲಿಯಂಥ ಮರಗಳ ಸಸಿಗಳು ಕಡಿಮೆ ಎಂಬುದು 1996ರ ಸುಮಾರಿಗೆ ಅಂಕಿ ಅಂಶದಲ್ಲೇ ಕಂಡಿತು. ಅಳತೆಯಲ್ಲಿ ಸುಳ್ಳಿರಲಿಲ್ಲ. ಅಳತೆಗೆಂದು ಗುರುತು ಮಾಡಿದ ಪ್ಲಾಟಿನಲ್ಲಿ ನಾನೂ ಮಂಡಿಯೂರಿ ಹುಡುಕಿದ್ದೇನೆ, ದೊಡ್ಡ ಮರದ ಕೆಳಗೆ ಸಸಿ ಸಿಗುತ್ತಿರಲಿಲ್ಲ. ಕಾಯಿ ಕೊಯ್ದರೆ ಬೀಜ ಇಲ್ಲ, ಬೀಜ ಇಲ್ಲದಿದ್ದರೆ ಸಸಿ ಇಲ್ಲ. ಇದಕ್ಕಿಂತ ನೇರವಾದ ಕಾರಣ ಬೇಕೇ ಎಂದುಕೊಂಡಿದ್ದೆ.

ಆದರೆ ಪೋಡಿನ ಹಿರಿಯರು ಅದನ್ನು ಒಪ್ಪಲಿಲ್ಲ. ಮರ ಸಾಯ್ತಿರೋದು ಉಪ್ಪಿಲಿನಿಂದ ಎನ್ನುತ್ತಿದ್ದರು. ಉಪ್ಪಿಲು ಎಂದರೆ ಬಂದಳಿಕೆ. ನೆಲ್ಲಿಯ ಕೊಂಬೆಯ ಮೇಲೆ ಕೂತು, ಕೊಂಬೆಯೊಳಕ್ಕೆ ಬೇರಿಳಿಸಿ, ಅದರ ನೀರು ಸಾರ ಹೀರಿ ಬೆಳೆಯುವ ಪೊದೆ. ಅದರ ಹಣ್ಣಿನ ಬೀಜಕ್ಕೆ ಗೋಂದಿನಂಥ ಅಂಟು. ಬದನಿಕೆ ಎಂಬ ಹೆಬ್ಬೆರಳುದ್ದದ ಹಕ್ಕಿ ಹಣ್ಣು ತಿಂದು, ಹಿಂಬದಿಗೆ ಅಂಟಿಕೊಂಡ ಬೀಜವನ್ನು ಮತ್ತೊಂದು ಕೊಂಬೆಗೆ ಉಜ್ಜಿ ಹೋಗುತ್ತದೆ. ಅಲ್ಲಿ ಇನ್ನೊಂದು ಉಪ್ಪಿಲು ಹುಟ್ಟುತ್ತದೆ. ಒಂದು ಮರದಲ್ಲಿ ನಾಲ್ಕೈದು ಉಪ್ಪಿಲು ಇದ್ದರೆ ಆ ವರ್ಷ ಕಾಯಿ ಕಡಿಮೆ. ಹತ್ತಾರು ಆದರೆ ಕೊಂಬೆಗಳು ಒಂದೊಂದೇ ಒಣಗುತ್ತವೆ. ದೂರದಿಂದ ನೋಡಿದರೆ ಮರ ಹಸಿರಾಗಿಯೇ ಕಾಣುತ್ತದೆ, ಹತ್ತಿರ ಹೋದರೆ ಆ ಹಸಿರಿನಲ್ಲಿ ನೆಲ್ಲಿಯ ಎಲೆಯೇ ಇರುವುದಿಲ್ಲ.

ಮರ ಹತ್ತಿ ಕಾಯಿ ಕೀಳುವಾಗ ಸೋಲಿಗರು ಉಪ್ಪಿಲು ಬಿದ್ದ ಕೊಂಬೆಯನ್ನು ಮಚ್ಚಿನಿಂದ ಕಡಿದು ಹಾಕುತ್ತಿದ್ದರು. ಕೊಂಬೆ ಕಡಿಯುವುದು ಮರಕ್ಕೆ ಹಾನಿ ಎಂದು ನಮ್ಮ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇತ್ತು. ನಾನು ಎಷ್ಟೋ ಸಲ ಅದರಲ್ಲಿ ಗುರುತು ಹಾಕಿದ್ದೇನೆ. ಆ ಗುರುತುಗಳಲ್ಲಿ ಹಾನಿ ಎಷ್ಟು, ಆರೈಕೆ ಎಷ್ಟು ಎಂದು ಈಗ ಯಾರೂ ಬೇರೆ ಮಾಡಲಾರರು.

2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂತು. ಅದಾದ ಕೆಲ ವರ್ಷಗಳಲ್ಲಿ ಅಭಯಾರಣ್ಯದೊಳಗಿಂದ ಮಾರಾಟಕ್ಕೆಂದು ಕಾಡಿನ ಉತ್ಪನ್ನ ತರುವುದು ನಿಂತಿತು. ಮರ ಹತ್ತುವವರೂ ನಿಂತರು. ಕೊಯ್ಲೇ ಕಾರಣವಾಗಿದ್ದರೆ ನೆಲ್ಲಿ ಚಿಗುರಿಕೊಳ್ಳಬೇಕಿತ್ತು. ನಾವು ನೋಡಿದ್ದು ಬೇರೆ. ಸಂಖ್ಯೆಯ ಬಿಲ್ಲೆ ಹಾಕಿದ್ದ ಮರಗಳಲ್ಲಿ ಉಪ್ಪಿಲು ಏರುತ್ತಾ ಹೋಯಿತು, ಮರಗಳು ನಿಂತಲ್ಲೇ ಒಣಗಿದವು. ಲೂಸಿ ರಿಸ್ಟ್ ಮತ್ತು ಜೊತೆಗಾರರು ಸೋಲಿಗರ ತಿಳಿವಳಿಕೆಯನ್ನೂ ವಿಜ್ಞಾನದ ಅಳತೆಗಳನ್ನೂ ಪಕ್ಕಪಕ್ಕ ಇಟ್ಟು 2010ರಲ್ಲಿ ಬರೆದರು. ತಮಾರಾ ಟಿಕ್ಟಿನ್, ಆರ್. ಗಣೇಶನ್, ಸಿದ್ದಪ್ಪ ಸೆಟ್ಟಿ ಮೊದಲಾದವರು ಎರಡೂ ನೆಲ್ಲಿಗಳ ಹಲವು ವರ್ಷಗಳ ಲೆಕ್ಕ ಹಿಡಿದು 2012ರಲ್ಲಿ ಪ್ರಕಟಿಸಿದರು. ನೆಲ್ಲಿಯ ಇಳಿಕೆಯಲ್ಲಿ ಕಾಯಿ ಕೊಯ್ಲಿಗಿಂತ ಉಪ್ಪಿಲು ಮತ್ತು ಲಂಟಾನ ಎಂಬ ಪೊದೆಯ ಪಾಲು ಭಾರವಾಗಿ ತೂಗಿತು. ಇಷ್ಟು ಹೇಳಲು ಅದೇ ಮರಗಳಿಗೆ ವರ್ಷ ವರ್ಷ ಹೋಗಬೇಕಾಯಿತು. ಒಂದು ಹಂಗಾಮಿನ ಎಣಿಕೆ ಎಷ್ಟು ಕರಾರುವಾಕ್ಕಾಗಿದ್ದರೂ ಈ ಉತ್ತರ ಕೊಡುತ್ತಿರಲಿಲ್ಲ.

ಇದನ್ನು ಕೇಳಿ, ಹಾಗಾದರೆ ಎಷ್ಟು ಬೇಕಾದರೂ ಕೊಯ್ಯಬಹುದು ಎಂದುಕೊಳ್ಳುವವರಿಗೆ ಒಂದು ಮಾತು. ಜಿಂಕೆ, ಕಾಡುಕುರಿಗಳೂ ನೆಲ್ಲಿ ತಿನ್ನುತ್ತವೆ, ಬೀಜ ದಾಟಿಸುವ ಕೆಲಸವೂ ಅವುಗಳದ್ದೇ. ಕಾಯಿ ಕೀಳುವಾಗ ಕಾಡಿಗೆಂದು ಒಂದಷ್ಟು ಬಿಡುವುದು ಸೋಲಿಗರ ಹಳೇ ಪದ್ಧತಿ. ಕೊಯ್ಲಿಗೆ ಮುಂಚೆ ಎಷ್ಟು ಕಾಯಿದೆ ಎಂದು ಕೊಯ್ಯುವವರೇ ಅಂದಾಜು ಮಾಡಿ, ಕೊಯ್ದ ಮೇಲೆ ಎಷ್ಟು ಉಳಿಯಿತು ಎಂದು ನೋಡುವ ಕ್ರಮವನ್ನು ಪೋಡುಗಳ ಜೊತೆ ಸೇರಿ ಇಲ್ಲಿ ವರ್ಷಗಟ್ಟಲೆ ನಡೆಸಲಾಗಿತ್ತು. ನಾನು ಭಾಗವಹಿಸಿದ ಕೆಲಸಗಳಲ್ಲಿ ಇಷ್ಟು ಅರ್ಥವಿದ್ದದ್ದು ಇನ್ನೊಂದಿಲ್ಲ.

4. ಬೆಂಕಿಯ ಬಗ್ಗೆ ಮಾತಾಡುವ ಮೊದಲು ಯಾವ ಬೆಂಕಿ ಎಂದು ಕೇಳಿ.

ಸೋಲಿಗರ ಮಾತಿನಲ್ಲಿ ತರಗು ಬೆಂಕಿ ಎಂದೊಂದು ಇದೆ. ಜನವರಿ, ಫೆಬ್ರವರಿಯ ಹೊತ್ತಿಗೆ, ನೆಲದಲ್ಲಿ ಇನ್ನೂ ಇಬ್ಬನಿಯ ತಂಪು ಇರುವಾಗ, ಉದುರಿದ ತರಗೆಲೆಗೆ ಹಚ್ಚುತ್ತಿದ್ದ ಬೆಂಕಿ. ಮೊಣಕಾಲಿಗಿಂತ ಮೇಲೆ ಏಳದೆ, ಒಣ ಹುಲ್ಲು ತರಗು ತಿಂದು, ಸಂಜೆಯ ತೇವಕ್ಕೆ ತಾನೇ ಆರುತ್ತಿತ್ತು. ಹೊಸ ಹುಲ್ಲು ಬರುತ್ತಿತ್ತು, ಉಣ್ಣೆಗಳ ಕಾಟ ತಗ್ಗುತ್ತಿತ್ತು, ಎಳೇ ಲಂಟಾನ ಸುಟ್ಟುಹೋಗುತ್ತಿತ್ತು, ಹೊಗೆ ಶಾಖಕ್ಕೆ ಉಪ್ಪಿಲೂ ಬಾಡುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಬೀಳುವ ಬೆಂಕಿಗೂ ಇದಕ್ಕೂ ಸಂಬಂಧವೇ ಇಲ್ಲ.

ಅರಣ್ಯ ಕಾನೂನಿನಲ್ಲಿ ಈ ವ್ಯತ್ಯಾಸ ಇರಲಿಲ್ಲ. ತರಗು ಬೆಂಕಿ ನಿಂತಿತು. ಲಂಟಾನ ಹೊರಗಿನ ಗಿಡ. ಸುಮಾರು ಇನ್ನೂರು ವರ್ಷದ ಹಿಂದೆ ತೋಟದ ಹೂವಿನ ಗಿಡವಾಗಿ ನಮ್ಮ ದೇಶಕ್ಕೆ ಬಂದದ್ದು. ಈಗ ಅದು ಈ ಕಾಡಿನ ನೆಲ ಹಿಡಿದು ಕೂತಿದೆ. 1997ರಲ್ಲಿ ಅಳೆದಿದ್ದ ಪ್ಲಾಟುಗಳನ್ನೇ ಏಟ್ರೀಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ 2008ರಲ್ಲಿ ಮತ್ತೆ ಅಳೆದಾಗ, ಹತ್ತರಲ್ಲಿ ನಾಲ್ಕು ಪ್ಲಾಟುಗಳಲ್ಲಿದ್ದ ಲಂಟಾನ ಹತ್ತರಲ್ಲಿ ಎಂಟರಲ್ಲಿ ಸಿಕ್ಕಿತು. ಹನ್ನೊಂದೇ ವರ್ಷದಲ್ಲಿ ದುಪ್ಪಟ್ಟು. ಆ ಪೊದೆಯೊಳಗೆ ನುಗ್ಗಿ ಕೆಲಸ ಮಾಡಿದವರಿಗೆ ಗೊತ್ತು, ಒಳಗೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ, ಸಸಿ ಏಳುವುದಿಲ್ಲ, ಎದುರಿಗೆ ಆನೆ ನಿಂತಿದ್ದರೂ ಕಾಣುವುದಿಲ್ಲ.

ಹಾಗೆಂದು ಈಗ ಬೆಂಕಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಆಳೆತ್ತರ ಬೆಳೆದು ಮರದ ಕೊಂಬೆಗೆ ಹಬ್ಬಿದ ಒಣ ಲಂಟಾನಕ್ಕೆ ಹತ್ತಿದ ಬೆಂಕಿ ನೆಲದಲ್ಲಿ ನಿಲ್ಲದೆ ನೆತ್ತಿಗೆ ಏರುತ್ತದೆ. ಸುಟ್ಟ ಬುಡದಿಂದಲೇ ಲಂಟಾನ ಮತ್ತೆ ಚಿಗುರುತ್ತದೆ. ಮೊದಲು ಕೈಯಿಂದ ಕಿತ್ತು, ಆಮೇಲೆ ಹುಲ್ಲು ಬಂದ ಜಾಗದಲ್ಲಿ, ಹಿರಿಯರು ನಿಂತು ಕಾಲ ನೋಡಿ ಹಚ್ಚಬೇಕು. ಕಾಲ ನೋಡಬಲ್ಲ ಹಿರಿಯರು ಪ್ರತಿ ಪೋಡಿನಲ್ಲೂ ಕಡಿಮೆಯಾಗುತ್ತಿದ್ದಾರೆ, ನನ್ನ ದೊಡ್ಡ ಆತಂಕ ಅದೇ. ಮಾದೇಶ್ವರನ ಬೆಟ್ಟದ ಕಡೆ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವ ಕೆಲಸ ನಡೆದಿದೆ. ಕೆಲವು ಮನೆಗಳ ಒಲೆ ಅದರಿಂದ ಉರಿದಿದೆ, ಅದು ಸಣ್ಣ ಮಾತಲ್ಲ. ಆದರೆ ಹಬ್ಬುವ ವೇಗಕ್ಕೆ ಹೆಣೆಯುವ ಕೈ ಸಾಲದು.

5. ಪೆನ್ಸಿಲ್, ಮೊಳೆ, ಸಂಜೆ.

ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಹೊನ್ನಮೆಟ್ಟಿಯ ಮಂಜಿಗೆ ಪೆನ್ನಿನ ಶಾಯಿ ಒಂದು ಗಂಟೆ ನಿಲ್ಲುವುದಿಲ್ಲ. ಮರದ ಸುತ್ತಳತೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ. ಇಳಿಜಾರಾದರೆ ಮೇಲಿನ ಬದಿಯಲ್ಲಿ ನಿಂತು ಅಳೆಯಿರಿ. ಆ ಎತ್ತರದ ಕೋಲೊಂದನ್ನು ಕಡಿದು ಇಟ್ಟುಕೊಳ್ಳಿ, ನಿಮ್ಮ ಎದೆಯನ್ನು ನಂಬಬೇಡಿ, ನಾಳೆ ಅಳೆಯುವವರು ಕುಳ್ಳಗಿರಬಹುದು. ಅಳೆದಲ್ಲಿ ಬಣ್ಣದ ಗೆರೆ ಎಳೆಯಿರಿ. ಅಲ್ಯೂಮಿನಿಯಂ ಬಿಲ್ಲೆಯ ಮೊಳೆಯನ್ನು ಪೂರ್ತಿ ಹೊಡೆಯದೆ ಎರಡು ಬೆರಳಿನಷ್ಟು ಹೊರಗೆ ಬಿಡಿ. ಮರ ದಪ್ಪವಾಗುತ್ತದೆ, ಅದಕ್ಕೆ ಜಾಗ ಬೇಕು. ನಾನು ಮೊದಲು ಹೊಡೆದ ಬಿಲ್ಲೆಗಳಲ್ಲಿ ಹಲವನ್ನು ಮರಗಳು ನುಂಗಿವೆ. ಸಂಜೆ ಎಷ್ಟೇ ಸುಸ್ತಾಗಿರಲಿ, ಅಂದಿನ ಹಾಳೆಯನ್ನು ಅಂದೇ ಓದಿ. ಇದು 7 ಆಗಿತ್ತೋ 1 ಆಗಿತ್ತೋ ಎಂಬ ನೆನಪು ರಾತ್ರಿ ದಾಟುವುದಿಲ್ಲ.

ಇದೆಲ್ಲ ಯಾಕೆ ಇಷ್ಟು ಕಟ್ಟುನಿಟ್ಟು ಎಂದು ಕೇಳುವ ಹುಡುಗರಿಗೆ ನಾನು ಎರಡು ಜಾಗದ ಹೆಸರು ಹೇಳುತ್ತೇನೆ. ಪನಾಮಾ ದೇಶದ ಬಾರೊ ಕೊಲರಾಡೊ ದ್ವೀಪದಲ್ಲಿ 50 ಹೆಕ್ಟೇರ್ ಮಳೆಕಾಡಿನ ಒಂದೊಂದು ಗಿಡವನ್ನೂ ಎಂಬತ್ತರ ದಶಕದ ಆರಂಭದಿಂದ ಸುಮಾರು ಐದು ವರ್ಷಕ್ಕೊಮ್ಮೆ ಅಳೆಯುತ್ತಾ ಬಂದಿದ್ದಾರೆ. ನಮ್ಮ ಪಕ್ಕದ ಮುದುಮಲೆಯಲ್ಲಿ ಆರ್. ಸುಕುಮಾರ್ ಅವರ ತಂಡ 1988ರಿಂದ ಅಷ್ಟೇ ದೊಡ್ಡ ಪ್ಲಾಟಿನಲ್ಲಿ ಅದೇ ಕೆಲಸ ಮಾಡುತ್ತಿದೆ. ಅಲ್ಲಿ ಮೊದಲ ಬಿಲ್ಲೆ ಹೊಡೆದವರ ಮೊಮ್ಮಕ್ಕಳ ವಯಸ್ಸಿನವರು ಈಗ ಅದೇ ಸಂಖ್ಯೆ ಓದುತ್ತಿದ್ದಾರೆ.

6. ಸಿಗದಿದ್ದನ್ನೂ ಬರೆಯಿರಿ.

ಹೋದೆ, ಹುಡುಕಿದೆ, ಇರಲಿಲ್ಲ. ಹಾಳೆಯಲ್ಲಿ ಸೊನ್ನೆ ಹಾಕಿ, ತಾರೀಖು ಹಾಕಿ, ಹೊತ್ತು ಹಾಕಿ. ಖಾಲಿ ಬಿಟ್ಟರೆ ಹತ್ತು ವರ್ಷದ ನಂತರ ನೀವು ಹೋಗಿರಲಿಲ್ಲವೋ, ಅದು ಇರಲಿಲ್ಲವೋ ತಿಳಿಯುವುದಿಲ್ಲ.

7. ಹನೂರು ಯಳಂದೂರಲ್ಲ.

ನಕಾಶೆಯಲ್ಲಿ ಬಿಳಿಗಿರಿಯೂ ಮಲೆ ಮಾದೇಶ್ವರ ಬೆಟ್ಟವೂ ಒಂದೇ ಹಸಿರು. ಇಲ್ಲಿ ಕಲಿತ ವಿಧಾನವನ್ನು ಹಾಗೇ ಎತ್ತಿಕೊಂಡು ಹನೂರು, ರಾಮಾಪುರ, ಪೊನ್ನಾಚಿ ಕಡೆ ಹೋದೆ. ಜೂನ್ ಮಳೆ ಹಿಡಿದ ಮೇಲೆ ಸಸಿ ಎಣಿಸೋಣ ಎಂದು ಕಾದೆ. ಆ ಕಡೆ ಜೂನ್, ಜುಲೈ ಎಂದರೆ ಗಾಳಿ, ತುಂತುರು, ಧೂಳು. ಏಪ್ರಿಲ್, ಮೇನಲ್ಲಿ ಗುಡುಗು ಮಳೆ ಒಂದಾವರ್ತಿ ಬರುತ್ತದೆ, ಆಮೇಲೆ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆ ವರ್ಷ ಪೊನ್ನಾಚಿಯ ಹತ್ತಿರ ರಾಗಿ ಹೊಲ ಉಳುತ್ತಿದ್ದ ಅಯ್ಯನೊಬ್ಬರು, ಚಿತ್ತೆ ಸ್ವಾತಿ ಬರ್ಲಿ, ಆಮೇಲೆ ಬನ್ನಿ ಎಂದು ವಾಪಸು ಕಳಿಸಿದರು. ಅಂದಿನಿಂದ ನನ್ನ ಕೆಲಸದ ಪಟ್ಟಿಯಲ್ಲಿ ತಿಂಗಳ ಪಕ್ಕ ಮಳೆ ನಕ್ಷತ್ರದ ಹೆಸರೂ ಇರುತ್ತದೆ.

ಹನೂರಿನ ಕಡೆಯ ಕಾಡಿನ ಬಗ್ಗೆ ಹಳೆಯ ಅಂಕಿ ಅಂಶ ಕಡಿಮೆ ಇರುವುದಕ್ಕೆ ಒಂದು ನೋವಿನ ಕಾರಣವಿದೆ. ಗೋಪಿನಾಥಂ, ಪಾಲಾರ್ ಸುತ್ತ ಕಾಡುಗಳ್ಳ ವೀರಪ್ಪನ್ ಭಯ ಇದ್ದ ವರ್ಷಗಳಲ್ಲಿ ಟೇಪು ಹಿಡಿದು ಅಲ್ಲಿ ತಿರುಗುವುದು ಆಗದ ಮಾತು. ಆ ಜನರ ನಡುವೆ ಬದುಕಿ ಅವರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರಿನಲ್ಲಿ ಆತನ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಹಳ್ಳಿಯವರು ಅವನ ಏಟನ್ನೂ ಪೊಲೀಸರ ಏಟನ್ನೂ ತಿಂದರು. 2004ರವರೆಗೆ ಇದೇ ಪರಿಸ್ಥಿತಿ. 2013ರಲ್ಲಿ 900 ಚದರ ಕಿಲೋಮೀಟರಿಗೂ ಮಿಗಿಲಾದ ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಣೆಯಾಯಿತು. ಸಂಜಯ್ ಗುಬ್ಬಿ ಅವರ ತಂಡ ಇಲ್ಲೂ ಪಕ್ಕದ ಕಾವೇರಿ ವನ್ಯಜೀವಿಧಾಮದಲ್ಲೂ ಕ್ಯಾಮೆರಾ ಕಟ್ಟಿ ಚಿರತೆಗಳನ್ನು ಎಣಿಸುತ್ತಿದೆ. ಕಾವೇರಿಯ ಕಾಡಿನಲ್ಲಿ ಅವರ ಕ್ಯಾಮೆರಾಕ್ಕೆ ತರಕರಡಿ (ಹನಿ ಬ್ಯಾಜರ್) ಬಿದ್ದಾಗ ಕರ್ನಾಟಕದಲ್ಲಿ ಆ ಪ್ರಾಣಿ ಇದೆ ಎಂಬುದಕ್ಕೆ ಚಿತ್ರದ ಸಾಕ್ಷ್ಯ ಸಿಕ್ಕಿತು. ಕನ್ನಡದಲ್ಲಿ ಹೆಸರು ಮೊದಲೇ ಇತ್ತು ಎಂಬುದನ್ನು ನಾನು ಹೊಸಬರಿಗೆ ತಪ್ಪದೆ ನೆನಪಿಸುತ್ತೇನೆ. ನೋಡದೆ ಯಾರೂ ಹೆಸರಿಡುವುದಿಲ್ಲ.

ಎರಡು ಕಾಡಿನ ನಡುವೆ, ಕೊಳ್ಳೇಗಾಲ ಲೊಕ್ಕನಹಳ್ಳಿ ರಸ್ತೆಯ ಸುತ್ತ, ಇಡೆಯಾರಹಳ್ಳಿ ದೊಡ್ಡಸಂಪಿಗೆ ಆನೆ ದಾರಿ ಇದೆ. ಹೊಲಗಳ ನಡುವೆ ಸೊಂಟದಂತೆ ಕಿರಿದಾದ ಕಾಡು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಅಲ್ಲಿ 25 ಎಕರೆಯಷ್ಟು ಖಾಸಗಿ ಜಮೀನನ್ನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಕಾಡಿನ ವಿಸ್ತಾರದ ಮುಂದೆ ಅದು ಅಂಗೈ ಅಗಲ. ಆದರೆ ಒಂದು ಮುಂಜಾನೆ ಆ ಹಾದಿಯ ಮೆತ್ತನೆ ಮಣ್ಣಿನಲ್ಲಿ ಹೆಣ್ಣಾನೆಯ ಹೆಜ್ಜೆ, ಅದರೊಳಗೇ ಬಿದ್ದ ಮರಿಯ ಹೆಜ್ಜೆ ನೋಡಿದ್ದೇನೆ. ಎರಡೂ ಹೆಜ್ಜೆ ಮಾದೇಶ್ವರನ ಕಡೆಗೆ ಹೋಗಿದ್ದವು.

8. ಗಾಳಿ ನೋಡಿ, ಮಾತು ನಿಲ್ಲಿಸಿ.

ಆನೆ ಕಾಡಿನಲ್ಲಿ ಮುಂದೆ ನಡೆಯುವ ಸೋಲಿಗ ನಿಂತರೆ ನೀವೂ ನಿಲ್ಲಿ. ಯಾಕೆ ಎಂದು ಆಮೇಲೆ ಕೇಳಿ. ಪ್ಲಾಟ್ ಅರ್ಧಕ್ಕೆ ಬಿಟ್ಟು ಬಂದ ದಿನಗಳ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ. ಜೊತೆಗೆ ಬಂದವರು ಸಂಜೆ ಮನೆ ಸೇರಬೇಕು, ಆ ಹೊಣೆ ಹಾಳೆಗಿಂತ ದೊಡ್ಡದು.

9. ಅಳೆದದ್ದನ್ನು ಪೋಡಿಗೆ ತಂದು ಓದಿ.

1981ರಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ ಮೇಲೆ ಈ ಬೆಟ್ಟದಲ್ಲಿ ಓದಿದ ಒಂದು ತಲೆಮಾರು ಬೆಳೆದಿದೆ. ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡ ಸಂಶೋಧಕರಾಗಿ ಬರೆಯುತ್ತಿದ್ದಾರೆ. ಅವರು, ಸುಷ್ಮಿತಾ ಮಂಡಲ್, ನಿತಿನ್ ರೈ ಸೇರಿ ಹಿರಿಯರ ಜೊತೆ ಕಾಡು ಸುತ್ತಿ, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಸಮಾಧಿಗಳ ಜಾಗವನ್ನು, ಕುಲಗಳ ಎಲ್ಲೆಗಳನ್ನು ನಕಾಶೆಯ ಮೇಲೆ ಗುರುತಿಸಿದರು. ಭಾರ್ಗವಿ ಹೊಳೆಯ ಬಳಿಯ ದೊಡ್ಡ ಸಂಪಿಗೆಯಂಥ ಜಾಗಗಳು ಅದರಲ್ಲಿ ಸೇರಿದವು. 2011ರ ಅಕ್ಟೋಬರಿನಲ್ಲಿ, ಅರಣ್ಯ ಹಕ್ಕು ಕಾಯ್ದೆಯಡಿ 25 ಪೋಡುಗಳಿಗೆ ಸಮುದಾಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕದ್ದು ದೇಶಕ್ಕೇ ಹೊಸದು.

ಇಷ್ಟೆಲ್ಲ ಆದರೂ ನಮ್ಮ ಕೆಲಸದ ಹೆಚ್ಚಿನ ಪಾಲು ಇಂಗ್ಲಿಷಿನಲ್ಲಿ ಬರೆದು, ದುಡ್ಡು ಕೊಟ್ಟು ಓದಬೇಕಾದ ಪತ್ರಿಕೆಗಳಲ್ಲಿ ಕೂತಿದೆ. ಒಮ್ಮೆ ಪೋಡಿನ ಕಟ್ಟೆಯ ಮೇಲೆ ನೆಲ್ಲಿಯ ಲೆಕ್ಕ ಹಿಡಿದು ಕೂತಿದ್ದಾಗ ಅಜ್ಜಿಯೊಬ್ಬರು ಕೇಳಿದರು, "ನಮ್ಮ ಮರ ಅಳೀತೀರಿ, ಬರಕೊಂಡು ಹೋಯ್ತೀರಿ. ಅದ ಒಂದಪ ನಮಗೂ ಓದಿ ಹೇಳೀ, ಬುದ್ದಿ." ಅಂದು ರಾತ್ರಿಯೇ ಕೊಳ್ಳೇಗಾಲಕ್ಕೆ ಇಳಿದು, ಬೆಳಿಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ಕನ್ನಡದಲ್ಲಿ ನಾಲ್ಕು ಪುಟ ಟೈಪ್ ಮಾಡಿಸಿ ತಂದೆ. ಓದುತ್ತಾ ಹೋದಂತೆ ಅವರು ಅಲ್ಲಲ್ಲಿ ತಡೆದರು. ಈ ಹಳ್ಳದಲ್ಲಿ ಇಷ್ಟು ಮರ ಸತ್ತಿಲ್ಲ. ಆ ವರ್ಷ ಕಾಯಿ ಕಡಿಮೆಯಾದದ್ದು ಹೂವಿನ ಹೊತ್ತಲ್ಲಿ ಮಳೆ ಹೊಡೆದದ್ದಕ್ಕೆ. ಈ ಮರ ಬಿದ್ದದ್ದು ಆನೆಯಿಂದ. ಒಂದು ಸಂಜೆಯಲ್ಲಿ ಎಂಟು ತಿದ್ದುಪಡಿ. ಎಂಟರಲ್ಲಿ ಆರನ್ನು ಮರುದಿನ ಹೋಗಿ ನೋಡಿದೆವು, ಆರೂ ಸರಿಯಾಗಿದ್ದವು. ಆಮೇಲೆ ಪ್ರತಿ ವರ್ಷ ಓದುವುದನ್ನು ಬಿಟ್ಟಿಲ್ಲ.

ಹೋದ ಡಿಸೆಂಬರಿನಲ್ಲಿ ಆ ಅಜ್ಜಿಯ ಮೊಮ್ಮಗಳ ಜೊತೆ ಹಳೇ ಪ್ಲಾಟಿಗೆ ಹೋಗಿದ್ದೆ. ಅವಳು ಈಗ ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ. ಲಂಟಾನ ಕಡಿದು ದಾರಿ ಮಾಡಿಕೊಂಡು ಹೋದರೆ ನೆಲ್ಲಿ ಮರ ನಿಂತಿತ್ತು. ಅರ್ಧ ಕೊಂಬೆ ಒಣಗಿ, ಉಳಿದ ಅರ್ಧದಲ್ಲಿ ಕಾಯಿ. ಬಿಲ್ಲೆ ಹೊರಗೆ ಕಾಣಲಿಲ್ಲ. ತೊಗಟೆ ತುಟಿಯಂತೆ ಮುಚ್ಚಿಕೊಂಡ ಜಾಗವನ್ನು ಬೆರಳಿನಿಂದ ತಡವಿ, ಚಾಕುವಿನ ತುದಿಯಲ್ಲಿ ಸ್ವಲ್ಪ ಬಿಡಿಸಿದಾಗ ಅಲ್ಯೂಮಿನಿಯಂ ಹೊಳೆಯಿತು. ಅವಳು ಬಗ್ಗಿ ಸಂಖ್ಯೆ ಓದಿದಳು. ನಾನು ಟೇಪು ಕೊಟ್ಟೆ. ಅವಳು ಅಳೆದು ಎರಡು ಸಲ ಕೂಗಿ ಹೇಳಿದಳು, ನಾನು ಬರೆದುಕೊಂಡೆ. ಆಮೇಲೆ ಮೇಲೆ ನೋಡಿ, "ಮಾವ, ಆ ಕೊಂಬೇಲಿ ಉಪ್ಪಿಲು ಮೂರದೆ. ಹತ್ತಲಾ?" ಎಂದು ಚಪ್ಪಲಿ ಬಿಟ್ಟಳು.